ಕಾರಿನಲ್ಲಿ ಕೇಳಿದ ಕೊಲೆಯ ಕತೆ

ಆ ವಸಂತದಲ್ಲಿ ನನ್ನ ಹೆಂಡತಿ ಕಾರಿನಲ್ಲಿ ಒಂದು ಕೊಲೆಯ ಕಾದಂಬರಿ ಓದಿ ಹೇಳುತ್ತಿದ್ದಳು. ನಾನು ಅವಳಿಂದ ಒಂದು ಸುದ್ದಿ ಮುಚ್ಚಿಟ್ಟುಕೊಂಡು ಕಾರು ಓಡಿಸುತ್ತಿದ್ದೆ.

ಅಮೆರಿಕದಲ್ಲಿ, ಬರ್ಕ್ಲಿ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಚರಿತ್ರೆ ಪಾಠ ಹೇಳುತ್ತಿದ್ದೆ. ಹನ್ನೊಂದು ವರ್ಷವೂ ತಾತ್ಕಾಲಿಕ. ಪ್ರತಿ ಮೇ ತಿಂಗಳಲ್ಲಿ ಮುಂದಿನ ವರ್ಷವೂ ಬನ್ನಿ ಎಂಬ ಪತ್ರ ಬರುತ್ತಿತ್ತು. ಆ ಸಲ ಮಾರ್ಚಿನಲ್ಲೇ ಬಂತು, ಈ ವರ್ಷದ ಪಾಠ ಮುಗಿದ ಮೇಲೆ ಬರುವುದು ಬೇಡ ಎಂದು. ಓದಿ ಸಿಟ್ಟು ಬರಲಿಲ್ಲ, ನಿದ್ದೆ ಬಂತು. ಅಷ್ಟು ದಣಿದಿದ್ದೆ. ಹೆಂಡತಿಗೆ ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳು ಕಳೆಯುತ್ತಾ ಐದು ವಾರವಾಯಿತು.

ಮನೆ ಫ್ರೀಮಾಂಟಿನಲ್ಲಿ. ಅವಳನ್ನು ಎಮರಿವಿಲ್ಲಿನ ಅನಿಮೇಷನ್ ಸ್ಟುಡಿಯೋದಲ್ಲಿ ಇಳಿಸಿ ನಾನು ಮುಂದೆ ಹೋಗಬೇಕು. ಇಬ್ಬರಿದ್ದೇವೆಂದು ಸಿಗುವ ಕಾರ್‌ಪೂಲ್ ಲೇನೂ ತೆವಳುತ್ತಿತ್ತು. ಆ ಒಂದು ಗಂಟೆಗೆಂದೇ ಅವಳು ಪುಸ್ತಕ ತರುತ್ತಿದ್ದಳು. ಕಣ್ಣಲ್ಲಿ ಇಂಗ್ಲಿಷ್ ಓದಿ ಬಾಯಲ್ಲಿ ಕನ್ನಡ ಹೇಳುವುದು ಅವಳ ತಾಯಿಯಿಂದ ಬಂದ ರೂಢಿ. ಮೈಸೂರಿನಲ್ಲಿ ಅವರು ಅವರೆಕಾಯಿ ಸುಲಿಯಲು ಕೂತ ಮಕ್ಕಳಿಗೆ ಹೀಗೆಯೇ ಲೈಬ್ರರಿ ಪುಸ್ತಕಗಳನ್ನು ಹೇಳಿ ಮುಗಿಸುತ್ತಿದ್ದರಂತೆ.

ಕತೆ ನಡೆಯುವುದು ಇಂಗ್ಲೆಂಡಿನ ಹಳೆಯ ಯೂನಿವರ್ಸಿಟಿಯಲ್ಲಿ. ಕಪ್ಪು ಗೌನಿನ ಪ್ರೊಫೆಸರುಗಳು ಒಂದೇ ಉದ್ದ ಮೇಜಿನಲ್ಲಿ ಊಟಕ್ಕೆ ಕೂತು ಒಬ್ಬರನ್ನೊಬ್ಬರು ನಯವಾಗಿ ಹೀಯಾಳಿಸುತ್ತಾರೆ. ಮೂರನೇ ಅಧ್ಯಾಯದಲ್ಲಿ ವಿಭಾಗದ ಮುಖ್ಯಸ್ಥ ತನ್ನ ಕೋಣೆಯಲ್ಲೇ ಹೆಣವಾಗಿರುತ್ತಾನೆ. ನನಗೋ ಹೆಣಕ್ಕಿಂತ ಆ ಜನರ ಪುರುಸೊತ್ತು ನೋಡಿ ಹೊಟ್ಟೆ ಉರಿಯುತ್ತಿತ್ತು. ನಾಲ್ಕು ಗಂಟೆಗೆ ಕೂತು ಟೀ ಕುಡಿಯುವಷ್ಟು ಬಿಡುವಿದ್ದರೆ ಯಾರು ಬೇಕಾದರೂ ಕೊಲೆ ಮಾಡಬಹುದು.

ಅವಳ ಬಾಯಲ್ಲಿ ಅವರೆಲ್ಲ ಮೈಸೂರಿನವರಾಗಿಬಿಡುತ್ತಿದ್ದರು.

"ಆ ಲ್ಯಾಟಿನ್ ಮೇಷ್ಟ್ರು ಇದಾರಲ್ಲ, ಭಾರೀ ಕೊಂಕು ಕಣ್ರೀ. ಸಾರಿಗೆ ಉಪ್ಪು ಕಮ್ಮಿ ಅಂತ ಅಡುಗೆಯವನ ಮೇಲೆ ರೇಗ್ತಾರೆ."

"ಪುಸ್ತಕದಲ್ಲಿ ಹಾಗೇ ಇದ್ಯಾ?"

"ಇದ್ದಿದ್ದನ್ನ ಇದ್ದ ಹಾಗೇ ಹೇಳೋಕೆ ನಾನೇನು ಟೇಪ್ ರೆಕಾರ್ಡರ್ರಾ? ನೀವು ರೋಡ್ ನೋಡಿ."

ಎಲ್ಲರ ಅನುಮಾನ ಒಬ್ಬ ಲೆಕ್ಚರರ್ ಮೇಲೆ ಬಿತ್ತು. ಸತ್ತವನು ಸಾಯುವ ಮುಂಚೆ ಅವನನ್ನು ಕೆಲಸದಿಂದ ತೆಗೆದಿದ್ದ. ಅವನು ಅದನ್ನು ಯಾರಿಗೂ ಹೇಳದೆ ದಿನವೂ ಗೌನು ತೊಟ್ಟು ಕಾಲೇಜಿಗೆ ಬರುತ್ತಿದ್ದ.

"ಇವನೇ ಕೊಂದಿರೋದು ಅನ್ಸತ್ತೆ," ಎಂದೆ.

"ಹೋಗ್ರೀ, ಇವನ ಕೈಲಿ ಒಂದು ಸೊಳ್ಳೆ ಹೊಡೆಯೋಕೂ ಆಗಲ್ಲ," ಎಂದಳು.

ಅಷ್ಟರಲ್ಲಿ ನಾನು ಆಫೀಸು ಖಾಲಿ ಮಾಡತೊಡಗಿದ್ದೆ. ದಿನಕ್ಕೆ ಐದಾರು ಪುಸ್ತಕ ತಂದು ಡಿಕ್ಕಿಯಲ್ಲಿಟ್ಟು, ಮೇಲೆ ಗ್ರೋಸರಿ ಚೀಲಗಳನ್ನು ಹೊದಿಸುತ್ತಿದ್ದೆ. ಒಂದು ಶನಿವಾರ ನಾನು ಮಲಗಿದ್ದಾಗ ಅವಳೇ ಕಾರು ತೆಗೆದುಕೊಂಡು ಅಂಗಡಿಗೆ ಹೋಗಿಬಂದಳು. ಬಂದು ಏನೂ ಕೇಳಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡೆ.

ಸೋಮವಾರ ಕತೆಯಲ್ಲಿ ಆ ಲೆಕ್ಚರರನ ಹೆಂಡತಿ ಬಂದಳು. ಬೆಳಿಗ್ಗೆ ಗಂಡನ ಗೌನಿಗೆ ಇಸ್ತ್ರಿ ಮಾಡುತ್ತಾಳೆ, ಡಬ್ಬಿ ಕಟ್ಟಿಕೊಡುತ್ತಾಳೆ. ಅವನ ಕೆಲಸ ಹೋಗಿರುವುದು ಅವಳಿಗೆ ಗೊತ್ತು. ಅವನೇ ಹೇಳಲಿ ಎಂದು ಕಾಯುತ್ತಾಳೆ. ಕೊನೆಗೆ ತಡೆಯಲಾರದೆ ಹೇಳಿಬಿಡುತ್ತಾಳೆ.

"ಕೆಲಸ ಹೋದ್ರೆ ಹೋಯ್ತು ಕಣ್ರೀ. ನನ್ನ ಹತ್ರ ಹೇಳ್ಕೊಳ್ದೆ ಒಬ್ಬರೇ ಹೊತ್ಕೊಂಡು ತಿರುಗ್ತಿದೀರಲ್ಲ, ಅದಕ್ಕೆ ನಂಗೆ ಸಂಕಟ."

ಆಗಲೂ ನನ್ನ ಸುದ್ದಿ ಹೇಳಲಿಲ್ಲ. "ಚೆನ್ನಾಗಿ ಬರೆದಿದಾರೆ," ಎಂದೆ, ಮಹಾ ವಿಮರ್ಶಕನ ಹಾಗೆ.

"ಹೂಂ," ಎಂದು ಅವಳು ಪುಸ್ತಕ ಮುಚ್ಚಿದಳು. ಎಮರಿವಿಲ್ ಬರುವ ತನಕ ಪಕ್ಕದ ಲಾರಿಗಳನ್ನೇ ನೋಡುತ್ತಿದ್ದಳು.

ಇಳಿಯುವಾಗ ಪುಸ್ತಕವನ್ನು ಸೀಟಿನ ಮೇಲೆಯೇ ಬಿಟ್ಟು ಹೋಗಿದ್ದಳು. ಕಾಲೇಜಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಆ ಮಾತು ಇಂಗ್ಲಿಷಿನಲ್ಲಿ ಹೇಗಿದೆ ನೋಡೋಣವೆಂದು ಅವಳು ಗುರುತಿಗಿಟ್ಟ ಪುಟ ತೆರೆದೆ. ಸಿಗಲಿಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಆಮೇಲೆ ಮೊದಲಿಂದ ಕೊನೆಯವರೆಗೆ ಹುಡುಕಿದೆ. ಆ ಲೆಕ್ಚರರ್ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ, ಒಂದು ಬೆಕ್ಕು ಸಾಕಿಕೊಂಡು. ಅವನಿಗೆ ಮದುವೆಯೇ ಆಗಿರಲಿಲ್ಲ.

ಕ್ಲಾಸಿಗೆ ಹೊತ್ತಾಗಿತ್ತು. ಕೂತಲ್ಲಿಂದಲೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಪತ್ರ ಬಂದ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ಹೇಳುತ್ತಾ ನಾಚಿಕೆಯಿಲ್ಲದೆ ಅತ್ತೆ.

ಮುಗಿದ ಮೇಲೆ ಅವಳು ಹೇಳಿದಳು: "ಡಿಕ್ಕೀಲಿ ಇನ್ನು ಜಾಗ ಇಲ್ಲ ಕಣ್ರೀ. ಸಂಜೆ ಇಬ್ಬರೂ ಸೇರಿ ಪುಸ್ತಕ ಎಲ್ಲ ಮನೆಯೊಳಗೆ ಇಟ್ಬಿಡೋಣ."