ಗ್ಯಾರೇಜಿನ ವಿಳಾಸಕ್ಕೆ ಬಂದ ಕಾರ್ಡು

ನನ್ನ ತಂಗಿ ಗಿರಿಜೆಗೆ ಹಾವೇರಿಯ ಸರ್ಕಾರಿ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಸೀಟು ಸಿಕ್ಕಿತ್ತು. ಸಿಕ್ಕಿಲ್ಲ ಎಂದು ಅವಳಿಗೆ ಹೇಳಿದವನು ನಾನು. ಹದಿನೆಂಟು ವರ್ಷ ಈ ಮಾತು ನನ್ನೊಬ್ಬನೊಳಗೇ ಇತ್ತು. ಈಗ ಬರೆಯುತ್ತಿದ್ದೇನೆ — ಬರೆದರೆ ಏನಾದರೂ ಸರಿಹೋದೀತು ಎಂಬ ಆಸೆಯಿಂದಲ್ಲ. ಏನೂ ಸರಿಹೋಗುವುದಿಲ್ಲ.

ರಾಣೇಬೆನ್ನೂರಿನಲ್ಲಿ ನನ್ನದೊಂದು ಟ್ರ್ಯಾಕ್ಟರ್ ಗ್ಯಾರೇಜು. ಶಾಲೆ ಕಲಿತು ಮೆಕ್ಯಾನಿಕ್ ಆದವನಲ್ಲ ನಾನು. ಉಸ್ತಾದರ ಬೈಗುಳ ತಿಂದು, ಕೈ ಸುಟ್ಟುಕೊಂಡು ಕಲಿತವನು. ಅದರ ಬಗ್ಗೆ ನನಗೆ ಬಹಳ ಜಂಬವೂ ಇತ್ತು. ನಮ್ಮ ಕೆಲಸದಲ್ಲಿ ಎಂಜಿನ್ನಿನ ರೋಗ ಹಿಡಿಯುವ ಹಳೆಯ ಪದ್ಧತಿಯೊಂದಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿಕೊಂಡು ಕೇಳುವುದು. ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಎಲ್ಲಿ ಏನು ಸವೆದಿದೆ — ಎಲ್ಲ ಕಿವಿಗೇ ತಿಳಿಯಬೇಕು. ನನಗದು ಒಲಿಯಲು ಏಳು ವರ್ಷ ಹಿಡಿಯಿತು. ಗಿರಿಜೆ ನಮ್ಮೂರು ಕುಪ್ಪೇಲೂರಿನಿಂದ ಬಸ್ಸಿನಲ್ಲಿ ನನಗೆ ಬುತ್ತಿ ತರುತ್ತಿದ್ದಳು. ಎರಡು ಬೇಸಿಗೆ ರಜೆಗಳಲ್ಲಿ, ನಾನು ಊಟ ಮಾಡಿ ಮುಗಿಸುವಷ್ಟು ಹೊತ್ತಿನಲ್ಲಿ, ಅದನ್ನು ಕಲಿತುಬಿಟ್ಟಳು.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅವಳು ಇದನ್ನೇ ಓದುತ್ತೇನೆಂದು ಹಟ ಹಿಡಿದಳು. ಅಪ್ಪ ಬೇಡವೆನ್ನಲಿಲ್ಲ, "ನಿಮ್ಮಣ್ಣ ಹೂಂ ಅಂದ್ರ ಹೋಗು" ಎಂದ. ನಾನೇ ಹೂಂ ಎಂದೆ! ನಾನೇ ಅವಳನ್ನು ಶಾಲೆ ನೋಡಲು ಕರೆದುಕೊಂಡು ಹೋದೆ. ಮೊದಲು ಬ್ಯಾಡಗಿಯ ಹತ್ತಿರದ ಒಂದು ಖಾಸಗಿ ಸಂಸ್ಥೆ. ಅಲ್ಲಿ ಎಂಜಿನ್ನನ್ನು ನಡುವೆ ಕೊಯ್ದು, ಒಳಗಿನ ಭಾಗಗಳಿಗೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದು ಮೇಜಿನ ಮೇಲೆ ಇಟ್ಟಿದ್ದರು. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ನನಗೆ ಅದೇ ಚೆನ್ನಾಗಿ ಕಂಡಿತು. ಗಿರಿಜೆ ಹೊರಗೆ ಬಂದವಳೇ, "ಇದು ಚಾಲೂನ ಆಗೂದಿಲ್ಲಲ್ಲಣ್ಣಾ, ಏನು ಕಲೀಬೇಕು ಇಲ್ಲಿ?" ಎಂದಳು. ಹಾವೇರಿಯ ಸರ್ಕಾರಿ ಐಟಿಐಯಲ್ಲಿ ಮೂಲೆಯಲ್ಲೊಂದು ಹಳೆಯ ಎಂಜಿನ್ ಇತ್ತು, ಸುತ್ತಲೂ ಎಣ್ಣೆಯ ಕಲೆ. ಅಲ್ಲಿಯ ಮೇಷ್ಟ್ರು ನಗುತ್ತ, "ಹ್ಯಾಂಡಲ್ ಹೊಡಿತಿ ಏನವಾ?" ಎಂದು ಕೇಳಿದರು. ಎರಡನೇ ಸಲಕ್ಕೆ ಚಾಲೂ ಮಾಡಿದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ಕೂತಿದ್ದಳು.

ಅರ್ಜಿಯಲ್ಲಿ ವಿಳಾಸ ಬರೆಯುವಾಗ ನನ್ನ ಗ್ಯಾರೇಜಿನದೇ ಕೊಟ್ಟೆವು. ಆಗ ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು — ಹಳ್ಳಿಯ ವಿಳಾಸ ಕೊಟ್ಟರೆ ಕಾಗದ ಯಾವಾಗ ಬಂದೀತೋ, ಯಾರ ಮನೆಯಲ್ಲಿ ಉಳಿದೀತೋ. ಪೇಟೆಯಲ್ಲಿ ಗುರುತಿನವರ ಅಂಗಡಿ ಇದ್ದರೆ ಅದೇ ವಿಳಾಸ. ನನ್ನ ಗ್ಯಾರೇಜಿಗೆ ನಮ್ಮೂರಿನ ಅರ್ಧ ಜನರ ಕಾಗದ ಬರುತ್ತಿತ್ತು. ಯಾರದನ್ನೂ ನಾನು ಕಳೆದವನಲ್ಲ.

ಆಮೇಲೆ ನಡೆದದ್ದು ಬಹಳ ಸಣ್ಣದು. ಸಣ್ಣದಾದ್ದರಿಂದಲೇ ಹೇಳಲು ನಾಚಿಕೆ. ಮೇಡ್ಲೇರಿಯ ಗೌಡರೊಬ್ಬರ ಟ್ರ್ಯಾಕ್ಟರು ಹೊಗೆಯುಗುಳುತ್ತ ಬಂದಿತ್ತು. ಎಂಜಿನ್ನಿನ ಹೆಡ್ ಬಿಚ್ಚಲೇಬೇಕು, ನಾಲ್ಕು ದಿನದ ಕೆಲಸ ಎಂದು ನಾನು ಹೇಳಿಬಿಟ್ಟಿದ್ದೆ. ಬುತ್ತಿ ತಂದ ಗಿರಿಜೆ ಸ್ಕ್ರೂಡ್ರೈವರ್ ಹಚ್ಚಿ, ಕಣ್ಣು ಮುಚ್ಚಿ ಕೇಳಿ, "ಹೆಡ್ ಬ್ಯಾಡಣ್ಣಾ, ಮೂರನೇ ನಾಝಲ್ ಅಷ್ಟ ನೋಡು" ಎಂದಳು. ನೋಡಿದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆ ಮೂತಿ ಕಟ್ಟಿತ್ತು, ಅಷ್ಟೇ; ಒಂದು ತಾಸಿನ ಕೆಲಸ. ಗೌಡರು ನನ್ನ ಕೈಯ ಸ್ಪ್ಯಾನರ್ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು: "ಇನ್ನ ಮ್ಯಾಲ ಪಾನಾ ತಂಗಿ ಕೈಯಾಗ ಕೊಡೋ, ಬುತ್ತಿ ನೀ ತಗೊಂಡ ಬಾ." ಎದುರಿನ ಚಹಾದಂಗಡಿಯವರೂ ನಕ್ಕರು. ನಾನೂ ನಕ್ಕೆ. ಆದರೆ ಮೈಯೆಲ್ಲ ಉರಿಯುತ್ತಿತ್ತು. ಸರ್ಟಿಫಿಕೇಟು ಹಿಡಿದುಕೊಂಡು ಇವಳು ಬಂದಳೆಂದರೆ ನಾನು ಯಾರು? — ಆ ಒಂದು ಯೋಚನೆ ಹತ್ತಿಕೊಂಡದ್ದು ಆರಲೇ ಇಲ್ಲ. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು. ಬೇರೆ ಹೆಸರು ಇಡುವ ಧೈರ್ಯ ನನಗಿಲ್ಲ.

ಮುಂದಿನ ವಾರ ಹಾವೇರಿಯ ಐಟಿಐಯಿಂದ ಕಾರ್ಡು ಬಂತು. ದಪ್ಪನೆಯ ಕಾರ್ಡು. ಮೊದಲನೇ ಪಟ್ಟಿಯಲ್ಲೇ ಆಯ್ಕೆಯಾಗಿದ್ದೀರಿ, ಮೂಲ ದಾಖಲೆಗಳೊಂದಿಗೆ ಇಂಥ ದಿನದೊಳಗೆ ಹಾಜರಾಗಬೇಕು ಎಂದಿತ್ತು. ಗಿರಿಜೆ ಶನಿವಾರ ಬುತ್ತಿ ತಂದಾಗ ಕೊಟ್ಟರಾಯಿತೆಂದು ಉಪಕರಣಗಳ ಪೆಟ್ಟಿಗೆಯ ಮೇಲೆ ಇಟ್ಟೆ. ಕೊಡುವವನೇ ಇದ್ದೆ — ಇದ್ದೆನೇ? ಈಗ ನನಗೇ ಗೊತ್ತಾಗುವುದಿಲ್ಲ. ಗುರುವಾರ ಅದೇ ಗೌಡರ ಟ್ರ್ಯಾಕ್ಟರು ಮತ್ತೆ ಬಂತು, ಫೀಡ್ ಪಂಪಿನಿಂದ ಡೀಸೆಲ್ ಜಿನುಗುತ್ತಿತ್ತು. ಇಳಿಯುತ್ತಲೇ, "ತಂಗಿ ಎಲ್ಲೋ?" ಎಂದರು. ಜಿನುಗುವುದು ನಿಲ್ಲಬೇಕಾದರೆ ಪಂಪಿನ ಅಡಿಗೆ ದಪ್ಪ ಕಾಗದದ ಹೊಸ ಪ್ಯಾಕಿಂಗ್ ಹಾಕಬೇಕು. ಪ್ಯಾಕಿಂಗ್ ಶೀಟು ತೀರಿತ್ತು. ಶೀಟು ಮಾರುವ ಅಂಗಡಿ ಎದುರು ಸಾಲಿನಲ್ಲೇ ಇತ್ತು, ಬಾಗಿಲೂ ತೆರೆದಿತ್ತು. ನನ್ನ ಕೈ ಪೆಟ್ಟಿಗೆಯ ಮೇಲಿನ ಕಾರ್ಡಿಗೆ ಹೋಯಿತು. ಲಗ್ನಪತ್ರಿಕೆ ಕತ್ತರಿಸಿ ಪ್ಯಾಕಿಂಗ್ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಕಾರ್ಡನ್ನು ಪಂಪಿನ ಬಾಯಿಗೆ ಹಿಡಿದು ಸಣ್ಣ ಸುತ್ತಿಗೆಯಿಂದ ಅಂಚು ತಟ್ಟುತ್ತ ಹೋದೆ. ಅವಳ ಹೆಸರಿದ್ದಲ್ಲಿ ಬೋಲ್ಟಿನ ತೂತು ಬಿತ್ತು. ಗ್ರೀಸು ಸವರಿ ಕೂರಿಸಿ ಬಿಗಿದೆ. ಟ್ರ್ಯಾಕ್ಟರು ಮೇಡ್ಲೇರಿಗೆ ಹೋಯಿತು.

ಆಗಲೂ ಎಲ್ಲ ಮುಗಿದಿರಲಿಲ್ಲ. ಹಾಜರಾಗಲು ಇನ್ನೂ ಎಂಟು ದಿನವಿತ್ತು. ಕಾರ್ಡು ಹಾಳಾಯಿತೆಂದರೂ ಹಾವೇರಿಯಲ್ಲಿ ನಡೆಯುತ್ತಿತ್ತು, ಪಟ್ಟಿಯಲ್ಲಿ ಹೆಸರಿತ್ತು. ಶನಿವಾರ ಅವಳು ಬಸ್ಸಿಳಿದು ಬಂದವಳೇ ಬುತ್ತಿಯನ್ನು ಕೆಳಗಿಡುವ ಮೊದಲೇ ಕೇಳಿದಳು.

"ಕಾರ್ಡ್ ಬಂತೇನಣ್ಣಾ?"

"ಇಲ್ಲವಾ, ಬಂದಿಲ್ಲ."

"ನಾನ ಹಾವೇರಿಗೆ ಹೋಗಿ ನೋಡಿ ಬರ್ಲೇನು?"

"ನಿನ್ನೆ ನಾನ ಹೋಗಿದ್ನಿ. ಪಟ್ಟಿ ಹಚ್ಯಾರ. ನಿನ್ನ ಹೆಸರಿಲ್ಲ."

ಹಿಂದಿನ ದಿನ ನಾನು ಗ್ಯಾರೇಜು ಬಿಟ್ಟು ಅಲುಗಿರಲಿಲ್ಲ. ಅವಳು ಅಳುತ್ತಾಳೆ, ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. "ಹಂಗಾರ ನನ್ನ ಮಾರ್ಕ್ಸ್ ಸಾಲಲಿಲ್ಲ" ಎಂದಳು, ಅಷ್ಟೇ. ಬುತ್ತಿಯ ಡಬ್ಬಿ ತೊಳೆದುಕೊಂಡು ಬಸ್ಸಿಗೆ ಹೋದಳು. ನನ್ನ ಮಾತನ್ನು ಒಂದು ಗಳಿಗೆಯಾದರೂ ಅನುಮಾನಿಸಬಾರದಿತ್ತೇ...

ಮುಂದಿನ ವರ್ಷ ಮೋಟೆಬೆನ್ನೂರಿಗೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಅವನ ಮೇಲೆ ತಪ್ಪು ಹೊರಿಸಲು ನನಗೆ ಜಾಗವಿಲ್ಲ. ದಿನಾ ಟೆಂಪೊ ಹತ್ತಿ ಬ್ಯಾಡಗಿಗೆ ಹೋಗಿ, ಗೋಡೌನಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಘಾಟಿಗೆ ಕೆಮ್ಮು ಬಂದು ಅದು ಅವಳನ್ನು ಬಿಟ್ಟೇ ಇಲ್ಲ. ಒಂದು ಸಲ ಬಸ್ಸಿಗೆ ಹೊತ್ತಿದೆಯೆಂದು ಗ್ಯಾರೇಜಿನಲ್ಲಿ ಕೂತಿದ್ದಳು. ಒಂದು ಎಂಜಿನ್ ತಡವರಿಸುತ್ತಿತ್ತು. ಏನನಿಸಿತೋ, ಸ್ಕ್ರೂಡ್ರೈವರನ್ನು ಅವಳ ಮುಂದೆ ಹಿಡಿದೆ. ಹಚ್ಚಿ ಕೇಳಿದಳು, ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ನೋಟ ನೆಟ್ಟಗೆ ಎರಡನೇ ನಾಝಲಿನ ಮೇಲೆ ಹೋಗಿ ನಿಂತಿತು. ಬಾಯಿ ಮಾತ್ರ, "ನನಗೇನು ತಿಳೀತೈತಣ್ಣಾ, ಕಲಿತವರನ್ನ ಕೇಳು" ಎಂದಿತು. ಅವಳು ಹೋದ ಮೇಲೆ ಬಿಚ್ಚಿದೆ. ಎರಡನೆಯದೇ.

ನಾನು ಅವಳ ಓದನ್ನಷ್ಟೇ ಕಸಿದೆನೆಂದು ಅಲ್ಲಿಯವರೆಗೆ ತಿಳಿದಿದ್ದೆ. ಅವಳ ಕಿವಿಯ ಮೇಲೆ ಅವಳಿಗಿದ್ದ ನಂಬಿಕೆಯನ್ನೂ ಕಿತ್ತುಹಾಕಿದ್ದೆ. ಅದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಅವಳ ಮಗಳು ಸಹನಾ ಎಸ್ಸೆಸ್ಸೆಲ್ಸಿ ಪಾಸಾದಳು. ಎಲೆಕ್ಟ್ರಿಷಿಯನ್ ಕಲಿಯುವ ಆಸೆ ಅವಳಿಗೆ. ಗಿರಿಜೆ ಫೋನು ಮಾಡಿದಳು. "ನಮ್ಮ ಮಂದಿಗೆ ಎಲ್ಲಿ ಮಾರ್ಕ್ಸ್ ಸಾಲತಾವಣ್ಣಾ, ಬ್ಯಾಡ ಅಂದ್ನಿ, ಕೇಳವಲ್ಲಳು. ಅರ್ಜಿಗೆ ಫೋನ್ ನಂಬರ್ ಬೇಕಂತ. ನಿಂದ ಹಾಕತೇವಿ, ಮೆಸೇಜ್ ಬಂದ್ರ ಹೇಳು." ಹೂಂ ಎನ್ನದೆ ಫೋನಿಟ್ಟೆ. ಗ್ಯಾರೇಜಿನ ಬಾಗಿಲು ಹಾಕಿಕೊಂಡು ಬ್ಯಾಡಗಿಗೆ ಹೋದೆ.

ಗೋಡೌನಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಉಳಿದ ಹೆಂಗಸರು ಹೊರಗೆ ಹೋಗಿದ್ದರು. ಅವಳು ಕೆಂಪು ರಾಶಿಯ ಮುಂದೆ ಒಬ್ಬಳೇ ಇದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ — ಗೌಡರ ನಗು, ಕಾರ್ಡು, ಹಾವೇರಿಗೆ ಹೋಗದೆಯೇ ಹೋಗಿದ್ದೆ ಎಂದು ಸುಳ್ಳು ಹೇಳಿದ್ದು. ಕ್ಷಮಿಸು ಎನ್ನಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಹಿಡಿ ಬಿಡಿಸಿ ಬುಟ್ಟಿಗೆ ಹಾಕಿ ಕೇಳಿದಳು.

"ಮೊದಲನೇ ಪಟ್ಟಿಯೊಳಗ?"

"ಹೂಂ."

"ಕಾರ್ಡಿನ ಪ್ಯಾಕಿಂಗು... ಸೋರಲಿಲ್ಲೇನು?"

"ಇಲ್ಲ. ಸೋರಲಿಲ್ಲ."

ಅವಳು ತಲೆಯಾಡಿಸಿದಳು. ಕೆಮ್ಮು ಬಂತು, ಸೆರಗು ಬಾಯಿಗೆ ಒತ್ತಿ ಹಿಡಿದಳು. ಕೆಮ್ಮು ನಿಂತ ಮೇಲೂ ಸೆರಗು ತೆಗೆಯಲಿಲ್ಲ, ಭುಜ ಅಲುಗುತ್ತಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವಳು ಕೈ ಅಡ್ಡ ಹಿಡಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಹುಡುಗಿ ಅರ್ಜಿಗೆ ನಿನ್ನ ನಂಬರ್ ಹಾಕೂದಿಲ್ಲ."

ಹಾಕಲಿಲ್ಲ. ಯಾರ ನಂಬರು ಕೊಟ್ಟರೋ, ಸೀಟು ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.