ಸಲೋಮಿ ಸಿಸ್ಟರ್ ಬಿಟ್ಟುಕೊಟ್ಟ ದೀರ್ಘ

ಸಲೋಮಿ ಸಿಸ್ಟರ್ ಬಾಯಲ್ಲಿ ಮಿಕ್ಸರು ಸಾಯುತ್ತಿತ್ತು, ಫ್ಯಾನು ಸಾಯುತ್ತಿತ್ತು, ಮೊಬೈಲಿನ ಬ್ಯಾಟರಿಯಂತೂ ದಿನಾ ಸಾಯುತ್ತಿತ್ತು. ಮನುಷ್ಯರು ಮಾತ್ರ ಸಾಯುತ್ತಿರಲಿಲ್ಲ, ಮಲಗುತ್ತಿದ್ದರು. ರೈಲ್ವೆ ಆಸ್ಪತ್ರೆಯಲ್ಲಿ ನರ್ಸಾಗಿ ಎಷ್ಟೋ ಜನರ ಕಣ್ಣು ತನ್ನ ಕೈಯಿಂದಲೇ ಮುಚ್ಚಿದ ಹೆಂಗಸು. ಸಾವು ಯಾವುದು, ನಿದ್ದೆ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ನೆರೆಮನೆಯಲ್ಲಿ ಯಾರಾದರೂ ತೀರಿಕೊಂಡರೆ, "ಅವರು ಮಲಕೊಂಡ್ರಂತರೀ" ಎಂದು ಗದಗಿನ ರಾಗದಲ್ಲಿ ಹೇಳಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಮನೆಯ ಕಡೆ ಹೊರಟುಬಿಡುತ್ತಿದ್ದರು.

ಈ ಮಾತು ನನಗೆ ಗೊತ್ತಿಲ್ಲದೆ ಒಮ್ಮೆ ಪೇಚಿಗೆ ಸಿಕ್ಕಿಕೊಂಡೆ. ನನ್ನದು ತಮಿಳು ಸೀಮೆಯ ರಾಯಪುರಂನಲ್ಲಿ ಕಲ್ಲಿನ ವ್ಯಾಪಾರ. ಕುಂದಾಪುರ ಕಡೆಯಿಂದ ಬಂದು, ಸಂಬಂಧಿಕರ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವನು ರುಬ್ಬುವ ಕಲ್ಲು ಮಾರುವವನಾದೆ. ಆಮೇಲೆ ಅಡುಗೆಮನೆಯ ಕಟ್ಟೆಗೆ ಗ್ರಾನೈಟು, ಆಮೇಲೆ ಸಮಾಧಿಗೆ ಕಲ್ಲು. ಕಲ್ಲು ಒಂದೇ. ಮಲಗಿಸಿದರೆ ಅಡುಗೆಗೆ, ನಿಲ್ಲಿಸಿದರೆ ಗೋರಿಗೆ. ಸಿಸ್ಟರ್ ಗಂಡ ಜಯಕರ ಸಾರ್ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಅಡುಗೆಮನೆಗೆಂದು ನನ್ನ ಅಂಗಡಿಯಲ್ಲಿ ಒಂದು ಕಲ್ಲುಹಲಗೆ ನೋಡಿ ಇಟ್ಟಿದ್ದರು. ಗಿರಾಕಿ ತಣ್ಣಗಾಗುವ ಮೊದಲು ಮಾತು ಮುಗಿಸಬೇಕು ಎಂಬುದು ನನ್ನ ಕ್ರಮ, ಫೋನು ಮಾಡಿದೆ. ಸಿಸ್ಟರ್ ಎತ್ತಿಕೊಂಡರು.

"ಅವರು ಮಲಕೊಂಡಾರ್ರೀ, ಶೆಟ್ರ."

"ಪರವಾಗಿಲ್ಲ, ಎಬ್ಬಿಸಬೇಡಿ. ಎದ್ದ ಮೇಲೆ ಒಂದು ಫೋನ್ ಮಾಡ್ಲಿ."

"ಆತ್ರೀ, ಹೇಳ್ತೀನಿ" ಎಂದರು.

ಮರುದಿನ ಬೆಳಿಗ್ಗೆ ಬೀದಿಯ ತಿರುವಿನ ಗೋಡೆಯಲ್ಲಿ ಜಯಕರ ಸಾರ್ ಪಟ ಇರುವ ಪೋಸ್ಟರು ಅಂಟಿಸಿದ್ದರು. ಕರ್ತನಲ್ಲಿ ನಿದ್ರೆ ಹೋದರು ಎಂದು ತಮಿಳಿನಲ್ಲಿ ಬರೆದಿತ್ತು. ಕ್ಷಮೆ ಕೇಳಲು ಹೋದರೆ ಸಿಸ್ಟರ್ ನನ್ನನ್ನೇ ಸಮಾಧಾನ ಮಾಡಿದರು. "ನಿನ್ನೆಯಿಂದ ಬಂದೋರೆಲ್ಲಾ ಅಳಕೊಂತನ ಬಂದ್ರು. ನೀವೊಬ್ರ ನೋಡ್ರಿ, ಎದ್ದ ಮ್ಯಾಲೆ ಫೋನ್ ಮಾಡ್ಲಿ ಅಂದೋರು. ನನಗ ಅದ ಛಲೋ ಅನಿಸ್ತು."

ಆ ಮೇಲೆ ನಮ್ಮ ಬಳಕೆ ಬೆಳೆಯಿತು. ಕುಳ್ಳಗಿನ, ಗಟ್ಟಿ ಹೆಂಗಸು. ನರ್ಸುಗಳಿಗೆ ಇರುವ ಆ ದುಡುದುಡು ನಡಿಗೆ. ಅಂಗಡಿಗೆ ಬಂದರೆ ಒಂದೊಂದು ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳುವರು, ರೋಗಿಯ ಎದೆ ತಟ್ಟಿ ನೋಡುವ ಹಾಗೆ. ಸದ್ದಿನಿಂದ ಅವರಿಗೆ ಏನೂ ತಿಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಹೊಸ ಗಿರಾಕಿ ಹೀಗೆ ತಟ್ಟಿದರೆ ವ್ಯಾಪಾರಿಗೆ ಒಳಗೆ ಅಳುಕು ಹುಟ್ಟುತ್ತದೆ. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ, ಬೇಕಾದವರು ಮಾಡಿ ನೋಡಬಹುದು.

ಸಾವಿನ ಮನೆಗೆ ಹೋದರೆ ಅವರ ಕೆಲಸವೇ ಬೇರೆ. ಒಲೆ ಹಚ್ಚುವುದು, ಹಾಲು ಕಾಯಿಸುವುದು, ಮನೆಯವರ ಬಿಪಿ ಮಾತ್ರೆ ಎಲ್ಲಿದೆ ಎಂದು ಹುಡುಕಿ ನುಂಗಿಸುವುದು. ಯಾರಾದರೂ, "ಎಲ್ಲಾ ದೇವರ ಚಿತ್ತ" ಎಂದು ಶುರುಮಾಡಿದರೆ ಅವರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಬರುವರು. "ಅಳೋರಿಗೆ ಮಾತ ಕೊಡಬ್ಯಾಡ್ರಿ, ಚಾ ಕೊಡ್ರಿ. ಯೇಸುನೂ ಗೆಳೆಯನ ಗೋರಿ ಮುಂದ ನಿಂತು ಅತ್ತಾನ. ಅವತ್ತ ಆತ ಯಾರಿಗೂ ಬುದ್ಧಿ ಹೇಳಲಿಲ್ಲ."

ನನ್ನ ಅಮ್ಮ ಹೋದಾಗಲೂ ಬಂದರು. ಶ್ರಾದ್ಧ, ಸೂತಕ ಎಂದು ನಮ್ಮವರು ಓಡಾಡುತ್ತಿದ್ದಾಗ ಮೂಲೆಯಲ್ಲಿ ಕೂತು ಬಾಳೆಎಲೆ ಒರೆಸಿ ಕೊಟ್ಟರು. ಧರ್ಮದ ಮಾತು ಒಂದೂ ಆಡಲಿಲ್ಲ. ನಾನೇ ಕೇಳಿದೆ, "ಸಿಸ್ಟರೇ, ನಿಮ್ಮ ಲೆಕ್ಕದಲ್ಲಿ ನಮ್ಮಮ್ಮನೂ ಮಲಗಿದ್ದಾ?"

ಅವರು ಕೈಲಿದ್ದ ಎಲೆ ಒರೆಸಿ ಮುಗಿಸಿದರು. "ನನಗ ಗೊತ್ತಿಲ್ರೀ ಶೆಟ್ರ. ಎಬ್ಬಿಸಾಂವ ಬ್ಯಾರೆ ಅದಾನ. ಆತ ಯಾರನ್ನ ಎಬ್ಬಸ್ತಾನ ಅಂತ ಹಾಜರಿ ತಗೊಳ್ಳಾಕ ನಾ ಯಾರು?"

ಗೊತ್ತಿಲ್ಲ ಎನ್ನುವವರ ಮಾಲು ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ, ಇದು ನನ್ನ ಅನುಭವ.

ಜಯಕರ ಸಾರ್ ಗೋರಿಗೆ ಕಲ್ಲು ನಿಲ್ಲಿಸಲು ಅವರು ನನ್ನಲ್ಲಿಗೇ ಬಂದರು. ಕರಿಕಲ್ಲು ಆರಿಸಿದರು. ನಾನು ಹೇಳಬೇಕಾದ್ದನ್ನು ಹೇಳಿದೆ: ಸಮುದ್ರದ ಗಾಳಿಗೆ ಬಂಗಾರದ ಬಣ್ಣ ನಿಲ್ಲುವುದಿಲ್ಲ, ಬಣ್ಣಕ್ಕೆ ಸುರಿಯುವ ದುಡ್ಡನ್ನು ಆಳವಾಗಿ ಕೆತ್ತಿಸುವುದಕ್ಕೆ ಹಾಕಿ, ಎದುರಿನ ಮುಖಕ್ಕೆ ಪಾಲಿಶ್ ಸಾಕು, ಹಿಂದೆ ನೋಡುವವರು ಯಾರೂ ಇಲ್ಲ. ಅವರು ಎಲ್ಲಕ್ಕೂ ಒಪ್ಪಿ, ಕೊನೆಗೆ ಅಂಚಿನ ಪಾಲಿಶನ್ನು ಪುಕ್ಕಟೆ ಮಾಡಿಸಿಕೊಂಡರು.

ಕೆತ್ತುವ ಮಾತನ್ನು ಗಿರಾಕಿಯ ಕೈಯಲ್ಲೇ ಬರೆಸಿಕೊಳ್ಳುವುದು ನನ್ನ ಅಂಗಡಿಯ ನಿಯಮ. ಈ ವ್ಯಾಪಾರ ಮಾಡುವವರು ಯಾರೇ ಆಗಲಿ ಹಾಗೇ ಮಾಡಬೇಕು, ಕಲ್ಲಿನ ಮೇಲೆ ಬಿದ್ದದ್ದನ್ನು ರಬ್ಬರಿನಿಂದ ಅಳಿಸಲಾಗುವುದಿಲ್ಲ. ಅದರಲ್ಲೂ ನನ್ನ ಕೆತ್ತನೆಯ ಮುರುಗೇಸನ್‌ಗೆ ಕನ್ನಡದ ಒಂದಕ್ಷರವೂ ಬಾರದು. ಅಕ್ಷರ ಅವನಿಗೆ ಕೋಳಿ, ಮೀನಿನ ಹಾಗೆ ಒಂದು ಚಿತ್ರ. ಚಿತ್ರವನ್ನು ಮಾತ್ರ ಕೂದಲೆಳೆ ತಪ್ಪದೆ ಇಳಿಸುತ್ತಾನೆ.

ಸಿಸ್ಟರ್ ಬರೆಯಲಿಲ್ಲ. ಮಗಳು ಗ್ರೇಸಿಯ ಕೈಲಿ ಬರೆಸುವೆ ಎಂದರು. ಗ್ರೇಸಿ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ಓದಿದ್ದೆಲ್ಲ ಇಲ್ಲೇ. ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಕನ್ನಡ ಅಕ್ಷರ ಕಲಿ ಎಂದು ಅಪ್ಪ ಬದುಕಿಡೀ ಹೇಳಿದರೂ ಕಿವಿಗೆ ಹಾಕಿಕೊಳ್ಳದವಳು, ಅವರ ಕಲ್ಲಿಗಾಗಿ ಮೊಬೈಲು ನೋಡಿ ನೋಡಿ ಅಕ್ಷರ ತಿದ್ದಿದ್ದಳು. ಅಮ್ಮನಿಗೆ ಅದರಲ್ಲಿ ಬೇರೊಂದು ಆಸೆಯೂ ಇತ್ತು. ಅಪ್ಪ ಹೋದ ಮೇಲೆ ಹುಡುಗಿ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಸಿಸ್ಟರ್ ತಮ್ಮ ಮಾಮೂಲಿ ಮಾತು ಆಡಿದಾಗ, "ಅಪ್ಪಾ ತೂಂಗಲೆಮ್ಮಾ, ಸೆತ್ತುಟ್ಟಾರು" ಎಂದು ಮುಖಕ್ಕೇ ಹೇಳಿದ್ದಳಂತೆ: ಅಪ್ಪ ಮಲಗಿಲ್ಲ, ಸತ್ತಿದ್ದಾರೆ. ಅಂಥವಳು 'ಯೇಸುವಿನಲ್ಲಿ ಮಲಗಿದ್ದಾರೆ' ಎಂದು ತನ್ನ ಕೈಯಿಂದ ಬರೆಯಲು ಒಪ್ಪಿದಳಲ್ಲ ಎಂದು ಸಿಸ್ಟರ್ ಹಿಗ್ಗಿದ್ದರು.

ಅವಳು ಕಾಗದ ತಂದು ಕೊಟ್ಟಾಗ ನಾನು ಕ್ವಾರಿಗೆ ಹೋಗಿದ್ದೆ. ಕಲ್ಲು ಗೋಣಿ ಸುತ್ತಿಕೊಂಡೇ ಸ್ಮಶಾನಕ್ಕೆ ಹೋಯಿತು. ನಿಲ್ಲಿಸಿ ಗೋಣಿ ಬಿಚ್ಚಿದಾಗ ಸಿಸ್ಟರ್, ಗ್ರೇಸಿ, ನಾನು ಮೂವರೂ ಇದ್ದೆವು. ಮೇಲೆ ಶಿಲುಬೆ, ಕೆಳಗೆ ಜಯಕರ ಎಂಬ ಹೆಸರು, ಅದರ ಕೆಳಗೆ:

ಯೇಸುವಿನಲ್ಲಿ ಮಲಗಿದ್ದರೆ

ಒಂದು ದೀರ್ಘ ಬಿಟ್ಟುಹೋಗಿತ್ತು. ಮಲಗಿದ್ದಾರೆ ಎಂಬುದು ಮಲಗಿದ್ದರೆ ಆಗಿತ್ತು. ಖಂಡಿತ ಎಂದು ಹೇಳಬೇಕಾದ ಕಲ್ಲು, ಒಂದು ವೇಳೆ ಎನ್ನುತ್ತಿತ್ತು.

ಸಿಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಓದಿದರು. ಪಕ್ಕದಲ್ಲಿ ಗ್ರೇಸಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಛಲೋ ಆಗೇತಿ" ಎಂದರು ಸಿಸ್ಟರ್. "ಅಕ್ಷರ ಭಾಳ ಛಂದ ಬರದೀಯವ್ವ."

ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಸಿಸ್ಟರ್ ಬಂದು ನಿಂತಿದ್ದರು. ಮುರುಗೇಸನ್ ಕಾಗದ ತಂದು ಮುಂದೆ ಹಿಡಿದ. "ಕೊಡುತ್ತ ಪಡಂ ಅಪ್ಪಡಿಯೇ ಇರುಕ್ಕು ಸಾರ್." ಕೊಟ್ಟ ಚಿತ್ರ ಹಾಗೇ ಇದೆ ಎಂದು ಅವನ ವಾದ. ನಿಜ, ಕಾಗದದಲ್ಲೂ ದೀರ್ಘ ಇರಲಿಲ್ಲ.

"ಸಿಸ್ಟರೇ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ" ಎಂದೆ. "'ದ್ದ' ಪಕ್ಕ ಸ್ವಲ್ಪ ಜಾಗ ಉಂಟು. ಒಂದು ಗೆರೆ ಎಳೆದರೆ ದೀರ್ಘ ಆಗ್ತದೆ. ಅರ್ಧ ದಿನದ ಕೆಲಸ."

"ಗ್ರೇಸಿ ನೋಡಿದ್ರ? ತಾ ಬರದದ್ದ ಅಮ್ಮ ತಿದ್ದಿಸ್ಯಾಳ ಅಂತ ಗೊತ್ತಾಗೂದಿಲ್ಲೇನ್ರಿ?"

"ಗೊತ್ತಾಗ್ಲಿ ಮಾರಾಯ್ರೆ. ಮಕ್ಕಳು ಮರೀತಾರೆ. ನನ್ನ ಮಕ್ಕಳಿಗೆ ಕನ್ನಡದಲ್ಲಿ ಅವರ ಹೆಸರು ಬರೀಲಿಕ್ಕೇ ಬರೂದಿಲ್ಲ."

"ಮರತಿದ್ರ ಚಿಂತಿಲ್ರಿ. ಬೇಕಂತ ಬಿಟ್ಟಿದ್ರ?"

ಅದನ್ನು ನಾನು ಯೋಚಿಸಿರಲಿಲ್ಲ. ಕೇಳಿಬಿಡಿ ಎಂದೆ. ನಾನು ಯಾರಿಗಾದರೂ ಕೊಡುವ ಬುದ್ಧಿ ಅದೇ, ಸಂಶಯ ಇಟ್ಟುಕೊಂಡು ವ್ಯವಹಾರ ಮಾಡಬಾರದು.

"ಕೇಳಿದ್ರ ಇರೂದು ಎರಡ ಉತ್ತರ. ಮರತೆ ಅಂದ್ರ, ಅಪ್ಪನ ಕಲ್ಲ ಕೆಡಿಸಿದೆ ಅಂತ ಜೀವಮಾನ ಕೊರಗ್ತಾಳ. ಬೇಕಂತ ಬಿಟ್ಟೆ ಅಂದ್ರ, ಅದನ್ನ ತಿದ್ದಾಕ ನನಗೇನ ಅಧಿಕಾರ ಐತ್ರಿ? ಆಕಿಗೂ ಅಪ್ಪ."

ಒಂದು ಅಡ್ಡ ಹಲಗೆಯ ಮೇಲೆ ಕೂತರು. ಕಾಫಿ ತರಿಸಿದೆ. ಕುಡಿಯುತ್ತ, ನನ್ನ ಕಡೆ ನೋಡದೆ ಹೇಳಿದರು: "ಖರೇ ಹೇಳ್ಲೇನ್ರಿ? ನನಗೂ ದಿನಾ ಒಂದ ನಮೂನಿ ಇರೂದಿಲ್ಲ. ಐತವಾರ ಚರ್ಚಿನಾಗ ಕುಂತಾಗ ದೀರ್ಘ ಇರ್ತೈತಿ. ಬುಧವಾರ ಅವರ ಅಂಗಿ ಮಡಚಾಕ ಹೋದ್ರ ಇರೂದಿಲ್ಲ. ಅವತ್ತ ನಾನೂ 'ಮಲಕೊಂಡಿದ್ರ, ಮಲಕೊಂಡಿದ್ರ' ಅನಕೋತನ ಮಡಚ್ತೀನಿ."

ಇಷ್ಟು ದಿನ ಮಲಕೊಂಡಾರ, ಮಲಕೊಂಡಾರ ಎಂದು ಊರಿಗೆಲ್ಲ ಹೇಳಿದವರು. ಅವರು ಲೋಟ ಕೆಳಗಿಟ್ಟರು.

"ಶೆಟ್ರ, ಒಬ್ಬರು ಮಲಕೊಂಡಿದ್ರ ಮುಂದ ಏನ ಮಾಡ್ತಾರ?"

"ಏನು ಮಾಡ್ತಾರೆ? ಏಳ್ತಾರೆ."

ನಾನು ಯೋಚಿಸಿ ಹೇಳಿದ ಮಾತಲ್ಲ. ಹಲಗೆಯ ಅಳತೆ ಕೇಳಿದರೆ ಹೇಳುವ ಹಾಗೆ ಹೇಳಿದ್ದು. ಸಿಸ್ಟರ್ ನನ್ನ ಮುಖ ನೋಡಿದರು. ಬಹಳ ಹೊತ್ತು ಚೌಕಾಸಿ ಮಾಡಿದ ಮೇಲೆ ವ್ಯಾಪಾರ ಕುದುರಿದಾಗ ಗಿರಾಕಿಯ ಮುಖದಲ್ಲಿ ಒಂದು ನಿರಾಳ ಬರುತ್ತದಲ್ಲ, ಅದು ಬಂತು.

"ಹಂಗಾರ ಅದನ್ನ ಕೆತ್ತಸ್ರಿ. ಇದ್ದದ್ದ ಮುಟ್ಟಬ್ಯಾಡ್ರಿ. ಆಕಿ 'ಮಲಗಿದ್ದರೆ' ಇರ್ಲಿ. ಅದರ ಕೆಳಗ 'ಏಳುತ್ತಾರೆ' ಅಂತ ಒಂದ ಶಬ್ದ."

ಕಲ್ಲಿನ ಕೆಳಭಾಗ ಧಾರಾಳ ಖಾಲಿ ಇತ್ತು. ದೀರ್ಘ ಎಳೆಯುವುದಕ್ಕಿಂತ ಇದು ದುಬಾರಿ ಎಂದು ಎಚ್ಚರಿಸಿದೆ. ಅವತ್ತೊಂದು ದಿನ ಅವರು ಚೌಕಾಸಿ ಮಾಡಲಿಲ್ಲ.

ಆ ಶಬ್ದವನ್ನೂ ಗ್ರೇಸಿಯೇ ಬರೆಯಬೇಕು ಎಂದು ಹಟ ಹಿಡಿದರು. ಅವಳು ಆಫೀಸು ಮುಗಿಸಿ ಅಂಗಡಿಗೆ ಬಂದು, ನನ್ನ ಮೇಜಿನಲ್ಲೇ ಕೂತು ಬರೆದಳು. ನಡುವೆ ತಲೆ ಎತ್ತಿ, "ಅಂಕಲ್, 'ತ್ತ' ಪಕ್ಕದಲ್ಲಿ ದೀರ್ಘ ವರುಮಾ?" ಎಂದು ಕೇಳಿದಳು.

"ಬರ್ತದೆ. ಬಾರದಿದ್ದರೆ ಅರ್ಥ ಕೆಡ್ತದೆ."

ಅವಳ ಪೆನ್ಸಿಲು ನಿಂತಿತು. ಕಲ್ಲಿನಲ್ಲಿ ಬಿಟ್ಟುಹೋದ ದೀರ್ಘ ಅವಳಿಗೆ ಆಗ ಹೊಳೆಯಿತೋ, ಮೊದಲೇ ಗೊತ್ತಿತ್ತೋ ನಾನು ಕೇಳಲಿಲ್ಲ. ಗಿರಾಕಿ ತಾನಾಗಿ ಹೇಳದ್ದನ್ನು ಕೇಳಬಾರದು. "ಅಮ್ಮಾಗೆ ತೆರಿಯುಮಾ?" ಎಂದಳು, ಅಮ್ಮನಿಗೆ ಗೊತ್ತಾ ಎಂದು. "ಅಮ್ಮನೇ ಇರಲಿ ಅಂದದ್ದು" ಎಂದೆ. ಅವಳು ದೀರ್ಘ ಎಳೆದು ಮುಗಿಸಿ ಕಾಗದ ನನ್ನ ಕಡೆ ತಳ್ಳಿದಳು.

ಸಿಸ್ಟರನ್ನು ನಾನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಮಳೆ ಬಿಟ್ಟ ಮೇಲೆ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ನರ್ಸು ಹುಡುಗಿಗೆ ಡ್ರಿಪ್ ಎಷ್ಟು ವೇಗ ಬಿಡಬೇಕೆಂದು ಹೇಳಿಕೊಡುತ್ತಿದ್ದರು. ಮುಖ ಇಳಿದಿತ್ತು, ದನಿ ಇಳಿದಿರಲಿಲ್ಲ. ನನ್ನನ್ನು ಹತ್ತಿರ ಕರೆದು, "ಶೆಟ್ರ, ನಾಳೆ ನನ್ನ ಹೆಸರ ಕೆತ್ತಸಾಕ ಗ್ರೇಸಿ ಬಂದ್ರ ಆಕಿ ಜೊತಿ ವ್ಯಾಪಾರದ ಮಾತ ಬೆಳಸಬ್ಯಾಡ್ರಿ. ಆಕಿಗೆ ಚೌಕಾಸಿ ಬರೂದಿಲ್ಲ, ಸುಮ್ನ ಸೋಲ್ತಾಳ" ಎಂದರು.

"ಅಂಜಿಕೆ ಉಂಟಾ ಸಿಸ್ಟರೇ?"

"ಐತ್ರಿ. ಆಪರೇಷನ್ ಮುಂದ ಎಲ್ಲಾರ್‍ಗೂ ಇರ್ತೈತಿ. ಹಂಗಂತ ಡಾಕ್ಟರ್ ಮ್ಯಾಲಿನ ನಂಬಿಕಿ ಹೋಗ್ತೈತೇನು?"

ಗಂಡನನ್ನು ಇಟ್ಟ ಗುಂಡಿಯನ್ನೇ ತೆಗೆದು ಅವರನ್ನೂ ಇಟ್ಟರು. ಈ ಊರಲ್ಲಿ ಭೂಮಿ ಸಾಲದು, ಗಂಡ ಹೆಂಡಿರಿಗೆ ಒಂದೇ ಗುಂಡಿ ಎಂಬುದು ವಾಡಿಕೆ. ಸ್ವಲ್ಪ ದಿನ ಬಿಟ್ಟು ಗ್ರೇಸಿ ಅಂಗಡಿಗೆ ಬಂದಳು. ಅದೇ ಕಲ್ಲಿನಲ್ಲಿ, 'ಏಳುತ್ತಾರೆ'ಯ ಕೆಳಗೆ, ಅಮ್ಮನ ಹೆಸರು ಕೆತ್ತಬೇಕು. ಹೆಸರಿನ ಜೊತೆ ಬೇರೆ ಸಾಲು ಬೇಕಾ ಎಂದು ಕೇಳಿದೆ.

ಮೊಬೈಲಿನಲ್ಲಿ ಕಲ್ಲಿನ ಪಟ ತೆಗೆದು ಅವಳು ಬಹಳ ಹೊತ್ತು ನೋಡಿದಳು. "ಅಂಕಲ್, ಏಳುತ್ತಾರೆನ್ನಾ ಒರುತ್ತರಾ, ರೆಂಡು ಪೇರಾ?" ಏಳುತ್ತಾರೆ ಅಂದರೆ ಒಬ್ಬರಾ, ಇಬ್ಬರಾ.

"ಕನ್ನಡದಲ್ಲಿ ಮರ್ಯಾದೆ ಕೊಟ್ಟು ಹೇಳಿದರೆ ಒಬ್ಬರಿಗೂ ಅದೇ, ಇಬ್ಬರಿಗೂ ಅದೇ. ಎಷ್ಟು ಜನ ಇದ್ದರೂ ಅದೇ."

"ಹಾಗಾದ್ರೆ ಬೇರೆ ಸಾಲು ಬೇಡ." ಇಷ್ಟನ್ನು ಕನ್ನಡದಲ್ಲೇ ಹೇಳಿದಳು. ಸಲೋಮಿ ಎಂದು ಬರೆದು ಕೊಟ್ಟಳು. ಎದ್ದು ಬಾಗಿಲ ತನಕ ಹೋದವಳು ತಿರುಗಿ ಬಂದು, "ಅಂಕಲ್, ಅಮ್ಮನ ಹೆಸರ ಕೆಳಗೆ ಇನ್ನೊಂದು ಹೆಸರಿಗೆ ಎಡಂ ಬಿಡಿ" ಎಂದಳು, ಜಾಗ ಬಿಡಿ ಎಂದು.

ಯಾರ ಹೆಸರು ಎಂದು ನಾನು ಕೇಳಲಿಲ್ಲ. ಅಕ್ಷರ ಸ್ವಲ್ಪ ಸಣ್ಣದು ಮಾಡಿ, ಮೇಲಕ್ಕೆ ಸರಿಸಿ ಕೆತ್ತು ಎಂದು ಮುರುಗೇಸನ್‌ಗೆ ಹೇಳಿದೆ.