ಒಂದೇ ಫೋನಿನಿಂದ ಬಂದ ಅರ್ಜಿಗಳು

ಮದ್ದೂರಿನ ಅಕ್ಕಿ ಗಿರಣಿಗಳಿಗೆ ತೂಕದ ಪ್ರೋಗ್ರಾಂ ಬರೆದುಕೊಟ್ಟು ಪಳಗಿದವಳು ನಾನು. ಅಲ್ಲಿ ಪ್ರೋಗ್ರಾಂ ದಿನವಿಡೀ ಎಚ್ಚರವಾಗಿ ಕೂತಿರುತ್ತದೆ. ಬಟನ್ ಒತ್ತಿದ ತಕ್ಷಣ ಕೆಲಸ ಶುರು. ಅದು ಮುಗಿಯುವ ತನಕ ಇನ್ನೊಮ್ಮೆ ಒತ್ತಲು ಬಿಡುವುದಿಲ್ಲ. ಅದೇ ಅಭ್ಯಾಸದಲ್ಲಿ ಮಂಡ್ಯದ ಒಂದು ಹುಡುಗಿಯರ ಹಾಸ್ಟೆಲ್ಲಿಗೆ ವೆಬ್ ಅರ್ಜಿ ಮಾಡಿಕೊಟ್ಟೆ. ಇದ್ದದ್ದು ಮೂವತ್ತು ಸೀಟು, ಮೊದಲು ಬಂದವರಿಗೆ ಮೊದಲು.

ಅರ್ಜಿ ತೆರೆದ ಸ್ವಲ್ಪ ಹೊತ್ತಿಗೇ ವಾರ್ಡನ್ ಫೋನ್ ಮಾಡಿದರು.

"ಸೀಟೆಲ್ಲ ಭರ್ತಿ ಅಂತ ತೋರಿಸ್ತೈತೆ ಮೇಡಂ. ಒಬ್ಬಳ ಹೆಸರೇ ಐದು ಸಲ ಐತೆ! ಸಂಜೆ ಐದಕ್ಕೆ ಪಟ್ಟಿ ಅಂಟಿಸ್ಬೇಕು, ಏನ್ಮಾಡ್ಲಿ?"

ಮಂಡ್ಯದ ಬಸ್ಸಿನಲ್ಲಿ ಕೂತ ಮೇಲೆ ನನ್ನ ತಪ್ಪು ಹೊಳೆಯಿತು. ಸರ್ವರ್ ಯಾರನ್ನೂ ಕಾದು ಕೂರುವುದಿಲ್ಲ. ಬಂದ ಅರ್ಜಿ ತೆಗೆದುಕೊಂಡು, ಉತ್ತರದ ಪುಟ ಕಳಿಸಿ, ಬಂದವರನ್ನು ಅಲ್ಲೇ ಮರೆತುಬಿಡುತ್ತದೆ. ಪುಟ ನಿಧಾನವಾಯಿತೆಂದು ಹುಡುಗಿ ಐದು ಸಲ ಒತ್ತಿದರೆ, ಅದರ ಪಾಲಿಗೆ ಐದು ಜನ ಬಂದ ಹಾಗೆ.

ಹಾಸ್ಟೆಲ್ ತಲುಪಿದಾಗ ಮೂರೂವರೆ. ಜಗಲಿಯಲ್ಲಿ ಸೀಟು ಸಿಗದವರು ಗಲಾಟೆ ಮಾಡುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಒಳಗೆ ಕೂತೆ. ಫೋನ್ ನಂಬರೂ ಹುಟ್ಟಿದ ದಿನವೂ ಒಂದೇ ಆಗಿದ್ದರೆ ಒಂದನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸುವಂತೆ ಆಜ್ಞೆ ಬರೆದೆ. ಅಷ್ಟರಲ್ಲಿ ಮಳವಳ್ಳಿ ಕಡೆಯ ಹೆಂಗಸೊಬ್ಬರು ಬಾಗಿಲಿಗೆ ಬಂದು, ತಮ್ಮ ಫೋನ್ ಚಾಚಿ, ಅರ್ಜಿ ಸೇರಿದೆಯೇ ನೋಡಿ ಅಂದರು.

ಆ ನಂಬರಿನ ಮುಂದೆ ನಾಲ್ಕು ಸಾಲುಗಳಿದ್ದವು. ನನಗೆ ಸಿಟ್ಟು ಬಂತು. "ನಿಮ್ಮ ಮಗಳು ನಾಲ್ಕು ಸಲ ಒತ್ತಿದ್ದಾಳಲ್ಲಮ್ಮ. ಒಂದು ಬಿಟ್ಟು ಉಳಿದದ್ದು ತೆಗೀತೀನಿ."

"ಅಯ್ಯೋ, ತಗೀಬ್ಯಾಡ ಕಣವ್ವ! ಒಬ್ಳಲ್ಲ, ಇಬ್ರವ್ರೆ. ಅವಳಿ ಮಕ್ಳು. ಇರೋದು ಒಂದೇ ಫೋನು, ಇಬ್ರೂ ಅದ್ರಲ್ಲೇ ಒತ್ತವ್ರೆ."

ಕೀಲಿಯ ಮೇಲಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ಹೆಸರುಗಳಲ್ಲಿ ವ್ಯತ್ಯಾಸವಿದ್ದದ್ದು ಒಂದೇ ಅಕ್ಷರ. ಒತ್ತಿಬಿಟ್ಟಿದ್ದರೆ ಒಬ್ಬಳ ಸುಳಿವೂ ಉಳಿಯುತ್ತಿರಲಿಲ್ಲ.

ಬರೆದ ಆಜ್ಞೆಯನ್ನು ಅಳಿಸಿ ಪಟ್ಟಿಯನ್ನು ಕಾಗದದ ಮೇಲೆ ತೆಗೆದೆ. ನಾನು ಒಂದೊಂದೇ ಹೆಸರು ಓದುತ್ತಾ ಹೋದೆ. ವಾರ್ಡನ್ ಮನೆಮನೆಗೆ ಫೋನ್ ಹಚ್ಚಿ ಕೇಳುತ್ತಾ ಹೋದರು. ಒಬ್ಬರು ಫೋನೇ ಎತ್ತಲಿಲ್ಲ; ಮೂರನೆಯ ಸಲಕ್ಕೆ ಎತ್ತಿದರು. ಗಡಿಯಾರ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ಲೆಕ್ಕ ಹಾಕಿದರೆ ಇದ್ದದ್ದು ಹತ್ತೊಂಬತ್ತೇ ಹುಡುಗಿಯರು. ಮಿಕ್ಕ ಹನ್ನೊಂದು ಸೀಟುಗಳನ್ನು ಜಗಲಿಯಲ್ಲಿದ್ದವರಿಗೂ ಫೋನ್ ಮಾಡಿ ದೂರಿದವರಿಗೂ ಬಂದ ಸರದಿಯಂತೆ ಕೊಟ್ಟೆವು. ಅವರಲ್ಲಿ ಇಬ್ಬರಿಗೆ ಆಗಲೂ ಸಿಗಲಿಲ್ಲ.

ಪಟ್ಟಿ ಅಂಟಿಸುತ್ತಾ ವಾರ್ಡನ್, "ಈ ಹುಡ್ಗೀರಿಗೆ ತಾಳ್ಮೇನೇ ಇಲ್ಲ" ಅಂದರು.

"ಅವರದ್ದೇನೂ ತಪ್ಪಿಲ್ಲ, ನನ್ನದೇ" ಅಂದೆ.

ಮರುದಿನ, ತೆರೆದ ಪ್ರತಿ ಅರ್ಜಿಗೂ ಒಂದೇ ಸಲ ಸಲ್ಲುವ ಗುರುತಿನ ಸಂಖ್ಯೆ ಹೋಗುವಂತೆ ಮಾಡಿದೆ. ಅರ್ಜಿ ಸೇರಿದೊಡನೆ ಬೇರೆ ಪುಟಕ್ಕೆ ಕಳಿಸುವಂತೆಯೂ ತಿದ್ದಿದೆ. ಆಮೇಲೆ ಒಬ್ಬಳೇ ಕೂತು ಬೆರಳು ನೋಯುವ ತನಕ ಬಟನ್ ಒತ್ತಿ ಒತ್ತಿ ನೋಡಿದೆ. ಪಟ್ಟಿಗೆ ಸೇರಿದ್ದು ಒಂದೇ ಸಾಲು.